ಕೊನೆಯ ಪುಟ ಹೇಳಬೇಡಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಫ್ಟ್‌ವೇರ್ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡು ಎಂದು ಮೇಷ್ಟ್ರು ಫೋನಿನಲ್ಲಿ ಹೇಳಿದಾಗ, ಪತ್ತೇದಾರಿ ಕಾದಂಬರಿ ಬರೆಯುವವರ ಬಗ್ಗೆ ಮಾತಾಡಲೇ ಸಾರ್ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಕ್ಕಳು ಮಲಗದಿದ್ದರೆ ಸರಿ ಎಂದರು. ಅಷ್ಟು ಧೈರ್ಯದ ಮೇಲೆ ನಿಂತಿದ್ದೇನೆ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ನಮ್ಮ ಕಡೆಯ ಮಕ್ಕಳಲ್ಲಿ ಬಹಳ ಜನರಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನನಗೂ ಅಷ್ಟೇ. ಪಠ್ಯಪುಸ್ತಕದ ಕನ್ನಡವನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದೆ. ತಡೆಯಿಲ್ಲದೆ ಓದುವುದನ್ನು ಕಲಿಸಿದ್ದು ನಮ್ಮ ಮಾಮ ಪಾವಗಡದ ಸಂತೆಯಿಂದ ತರುತ್ತಿದ್ದ, ರಟ್ಟು ಕಿತ್ತುಹೋದ ಪತ್ತೇದಾರಿ ಕಾದಂಬರಿಗಳು. ಕೊಲೆ ಮಾಡಿದವನು ಯಾರು ಎಂದು ತಿಳಿಯಬೇಕಾದರೆ ಪುಟ ತಿರುಗಿಸಲೇಬೇಕು. ಹಾಗೆ ಪುಟ ತಿರುಗಿಸುತ್ತಾ ತಿರುಗಿಸುತ್ತಾ ಒತ್ತಕ್ಷರದ ಹೆದರಿಕೆ ಹೋಯಿತು. ಇದು ನನ್ನೊಬ್ಬನ ಕಥೆಯಲ್ಲ. ಎನ್. ನರಸಿಂಹಯ್ಯನವರ ಪುಸ್ತಕಗಳಿಂದ ಓದು ಕಲಿತೆವು ಎಂದು ಹೇಳುವ ಹಿರಿಯರು ಈ ನಾಡಿನ ಎಲ್ಲಾ ಜಿಲ್ಲೆಗಳಲ್ಲೂ ಸಿಗುತ್ತಾರೆ.

ನರಸಿಂಹಯ್ಯನವರು ಹುಟ್ಟಿದ್ದು 1925ರಲ್ಲಿ, ತೀರಿಕೊಂಡಿದ್ದು 2011ರಲ್ಲಿ. ಓದಿದ್ದು ನಾಲ್ಕನೇ ತರಗತಿ ಮಾತ್ರ. ಹೊಟ್ಟೆಪಾಡಿಗೆ ಸಣ್ಣಪುಟ್ಟ ಕೆಲಸಗಳನ್ನು ಮಾಡಿಕೊಂಡೇ 1950ರ ದಶಕದಲ್ಲಿ ಬರೆಯಲು ಕೂತರು. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಇವರೆಲ್ಲ ಅವರು ಹುಟ್ಟಿಸಿದ ಪಾತ್ರಗಳು. ಅವರು ಬರೆದ ಕಾದಂಬರಿಗಳ ಸಂಖ್ಯೆ 500ಕ್ಕೂ ಹೆಚ್ಚು.

ಮಕ್ಕಳೇ, ಇಲ್ಲೊಂದು ಲೆಕ್ಕ ಮಾಡಿ. 500 ಪುಸ್ತಕಗಳನ್ನು 50 ವರ್ಷಕ್ಕೆ ಹಂಚಿದರೂ ವರ್ಷಕ್ಕೆ 10 ಬಂತು. ಅಂದರೆ ಸುಮಾರು ಐದು ವಾರಕ್ಕೊಂದು ಪುಸ್ತಕ. ಹೊಸ ಪುಸ್ತಕ ಅಂಗಡಿಗೆ ಹೋಗುವ ದಿನ ಮುಂದಿನ ಪುಸ್ತಕದ ಅರ್ಧವಾದರೂ ಮುಗಿದಿರಬೇಕು. ಹೀಗೆ ಬರೆಯುವವರಿಗೆ ಹಾರ, ಶಾಲು, ವೇದಿಕೆ ಎಂದು ಕೂರಲು ಪುರಸೊತ್ತೆಲ್ಲಿ? ಆ ಕಾಲದ ಪಾಕೆಟ್ ಪುಸ್ತಕಗಳ ಬಿಡುಗಡೆ ಎಂದರೆ ಬಸ್ ನಿಲ್ದಾಣದ ಅಂಗಡಿಯವನು ಹೊಸ ಪ್ರತಿಯನ್ನು ದಾರಕ್ಕೆ ಸಿಕ್ಕಿಸಿ ತೂಗುಹಾಕುವುದು, ಬಾಡಿಗೆ ಪುಸ್ತಕದಂಗಡಿಯವನು ರಟ್ಟು ಹೊಲಿದು ನಂಬರು ಬರೆಯುವುದು. ಅಷ್ಟೇ.

ಇನ್ನೊಬ್ಬರ ಹೆಸರು ಹೇಳುತ್ತೇನೆ. ಪ್ರತಿ ನವೆಂಬರ್ ಒಂದನೇ ತಾರೀಕು ಹಳದಿ ಕೆಂಪು ಬಾವುಟ ಹಿಡಿದು ನಾವು ಪ್ರಭಾತಫೇರಿ ಹೋಗುತ್ತೇವಲ್ಲ, ಆ ಬಾವುಟವನ್ನು ರೂಪಿಸಿದವರು ಮ. ರಾಮಮೂರ್ತಿ. ಅವರು ಕನ್ನಡ ಚಳವಳಿಯ ನಾಯಕರು ಎಂಬುದು ಎಲ್ಲರಿಗೂ ಗೊತ್ತು. ಪತ್ತೇದಾರಿ ಕಾದಂಬರಿಕಾರರು ಎಂಬುದು ಎಷ್ಟು ಜನಕ್ಕೆ ಗೊತ್ತು? ಕನ್ನಡ ಬೆಳೆಯಬೇಕಾದರೆ ಜನ ಕನ್ನಡ ಓದಬೇಕು, ಓದಬೇಕಾದರೆ ಅವರಿಗೆ ಕುತೂಹಲ ಹುಟ್ಟಬೇಕು. ಬಾವುಟ ಮತ್ತು ಕಾದಂಬರಿ, ಎರಡೂ ಅವರಿಗೆ ಒಂದೇ ಕೆಲಸವಾಗಿತ್ತು ಎಂದು ನನಗನ್ನಿಸುತ್ತದೆ. 1967ರಲ್ಲಿ ತಮ್ಮ ಜಮೀನಿನಲ್ಲಿ ಬಾವಿ ತೋಡಿಸುತ್ತಿದ್ದಾಗ ಮಣ್ಣು ಕುಸಿದು, ಇಬ್ಬರು ಗಂಡುಮಕ್ಕಳ ಜೊತೆ ಅವರೂ ತೀರಿಕೊಂಡರು. ಬಾವಿ ತೋಡುವುದೆಂದರೆ ಏನು, ಅದಕ್ಕೆ ಏನೇನು ತೆರಬೇಕಾಗುತ್ತದೆ ಎಂದು ನಮ್ಮ ಸೀಮೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಮೂರನೆಯವರು ಟಿ.ಕೆ. ರಾಮರಾವ್. ನಿಗೂಢ ಕಾದಂಬರಿಗಳಿಗೆ ಹೆಸರಾದವರು. 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ ಸಿನಿಮಾ ನೋಡದ ಮನೆ ಈ ಊರಿನಲ್ಲಿ ಇರಲಾರದು. ಪಾಳು ನೆಲವನ್ನು ಹಸನು ಮಾಡುವ ರಾಜೀವಪ್ಪನನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದವರಿದ್ದಾರೆ ಎಂದು ಈಗಲೂ ಹೇಳುತ್ತಾರೆ. ಆ ಚಿತ್ರಕ್ಕೆ ಆಧಾರವಾದ ಕಾದಂಬರಿ ಬರೆದವರು ಇದೇ ಟಿ.ಕೆ. ರಾಮರಾವ್. ಪತ್ತೇದಾರಿ ಬರೆಯುವವರಿಗೆ ಬೇರೇನೂ ಬಾರದು ಎನ್ನುವವರಿಗೆ ನಾನು ಕೊಡುವ ಉತ್ತರ ಇದೊಂದೇ.

ಈಗ ಕಾಲ ಬದಲಾಗಿದೆ. ಬೆಂಗಳೂರಿನಲ್ಲಿ ಭಾನುವಾರ ಬೆಳಗ್ಗೆ ಹತ್ತೂವರೆಗೆ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿಗೋ, ಜೆ.ಸಿ. ರಸ್ತೆಯ ನಯನ ಸಭಾಂಗಣಕ್ಕೋ, ಬಸವನಗುಡಿಯ ವಾಡಿಯಾ ಸಭಾಂಗಣಕ್ಕೋ ಹೋದರೆ ಪುಸ್ತಕ ಬಿಡುಗಡೆ ನೋಡಬಹುದು. ಮೊದಲು ಉಪ್ಪಿಟ್ಟು, ಕೇಸರಿಬಾತು. ಆಮೇಲೆ ಬಣ್ಣದ ಕಾಗದ ಬಿಚ್ಚಿ ಪುಸ್ತಕ ಎತ್ತಿ ಹಿಡಿದು ಫೋಟೋ. ಹೊರಗೆ ಮೇಜಿನ ಮೇಲೆ ಆ ದಿನಕ್ಕೆ ಮಾತ್ರ ರಿಯಾಯಿತಿ.

ನನ್ನ ಗೆಳೆಯನೊಬ್ಬನ ಕಾದಂಬರಿ ಹೀಗೆ ಬಿಡುಗಡೆಯಾಯಿತು. ಹಗಲು ಕಂಪನಿ ಕೆಲಸ, ರಾತ್ರಿ ಬರವಣಿಗೆ. ಆ ತಿಂಗಳು ಅವನ ಪಾಡನ್ನು ಹತ್ತಿರದಿಂದ ನೋಡಿದೆ. ಕರಡು ತಿದ್ದುವುದು, ಮುಖಪುಟಕ್ಕೆ ಒಪ್ಪಿಗೆ ಕೊಡುವುದು, ಆಮಂತ್ರಣ ಕಳಿಸುವುದು, ಕೊನೆಗೆ ಬಂದವರಿಗೆ ಕುರ್ಚಿ ಹಾಕುವುದೂ ಅವನೇ. ಅವನಿಗಿದ್ದ ದೊಡ್ಡ ಭಯ ಒಂದೇ: ಅತಿಥಿಗಳು ಭಾಷಣದಲ್ಲಿ ಕೊನೆ ಹೇಳಿಬಿಟ್ಟರೆ? ಸಾಮಾಜಿಕ ಕಾದಂಬರಿಯಾದರೆ ಕಥೆ ಪೂರ್ತಿ ಹೇಳಿದರೂ ನಷ್ಟವಿಲ್ಲ. ಪತ್ತೇದಾರಿಯಲ್ಲಿ ಒಂದು ವಾಕ್ಯ ಜಾರಿದರೆ ಹೊರಗಿನ ಮೇಜಿನ ಮೇಲಿನ ಪುಸ್ತಕ ಅಲ್ಲೇ ಉಳಿಯುತ್ತದೆ. ಅತಿಥಿಗಳು ಮೈಕಿನ ಮುಂದೆ ನಿಂತಷ್ಟು ಹೊತ್ತೂ ಅವನು ಎರಡೂ ಕೈಯಲ್ಲಿ ಕುರ್ಚಿ ಹಿಡಿದುಕೊಂಡಿದ್ದ. ಅವರು ಹೇಳಲಿಲ್ಲ, ಪುಣ್ಯ.

ನಮ್ಮ ಕೆಲಸದಲ್ಲೂ ರಿಲೀಸ್ ಎಂಬ ಮಾತಿದೆ. ಹೊಸ ಸಾಫ್ಟ್‌ವೇರ್ ಬಿಟ್ಟ ರಾತ್ರಿ ನಾವು ಮಲಗುವುದಿಲ್ಲ. ಏನಾದರೂ ತಪ್ಪು ಕಂಡರೆ ಬೆಳಗಾಗುವುದರೊಳಗೆ ಸರಿಪಡಿಸಿ ಮತ್ತೆ ಬಿಡುತ್ತೇವೆ. ಪುಸ್ತಕಕ್ಕೆ ಆ ಸೌಲಭ್ಯ ಇಲ್ಲ. ಮೂರನೇ ಅಧ್ಯಾಯದಲ್ಲಿ ಎಡಗೈಯಲ್ಲಿ ಬರೆಯುವವನು ಹದಿನೆಂಟನೇ ಅಧ್ಯಾಯದಲ್ಲಿ ಬಲಗೈಯಲ್ಲಿ ಸಹಿ ಮಾಡಿದರೆ, ಸಾವಿರ ಪ್ರತಿಯಲ್ಲೂ ಬಲಗೈಯೇ. ಆದ್ದರಿಂದ ಒಳ್ಳೆಯ ಪತ್ತೇದಾರಿ ಲೇಖಕ ಕೊನೆಯಿಂದ ಮೊದಲಿಗೆ ಕಥೆ ಕಟ್ಟುತ್ತಾನೆ. ಸುಳಿವುಗಳನ್ನು ಓದುಗನ ಕಣ್ಣೆದುರಿಗೇ ಇಟ್ಟು, ಕಣ್ಣು ಬೇರೆ ಕಡೆ ಹೋಗುವಂತೆ ಮಾಡುತ್ತಾನೆ. ಸುಳಿವು ಬಚ್ಚಿಟ್ಟರೆ ಅದು ಮೋಸ, ಎದುರಿಗಿಟ್ಟೂ ಕಾಣದಂತೆ ಮಾಡಿದರೆ ಅದು ಕಲೆ.

ಹೊರದೇಶದ ಎರಡು ಉದಾಹರಣೆ ಕೊಡುತ್ತೇನೆ. ಆಗಾಥಾ ಕ್ರಿಸ್ಟಿಯವರ ‘ರೋಜರ್ ಆಕ್ರಾಯ್ಡ್‌ನ ಕೊಲೆ’ ಎಂಬ ಕಾದಂಬರಿ 1926ರಲ್ಲಿ ಬಂತು. ಅದರ ಕೊನೆ ಓದಿ ಇಂಗ್ಲೆಂಡಿನ ಓದುಗರು ಬೆರಗಾದರು. ಕೊನೆ ಏನೆಂದು ಹೇಳುವುದಿಲ್ಲ, ನೀವೇ ಓದಿ. ಅದೇ ವರ್ಷ ಡಿಸೆಂಬರ್ 3ರಂದು ಲೇಖಕಿಯೇ ಕಾಣೆಯಾದರು. ಪೊಲೀಸರು, ಸ್ವಯಂಸೇವಕರು ಹೊಲಗದ್ದೆ ಹುಡುಕಿದರು. ಹನ್ನೊಂದು ದಿನದ ಮೇಲೆ ಹ್ಯಾರೊಗೇಟ್ ಊರಿನ ಹೋಟೆಲೊಂದರಲ್ಲಿ ಬೇರೆ ಹೆಸರಿನಲ್ಲಿ ತಂಗಿದ್ದವರು ಸಿಕ್ಕಿದರು. ಆ ವರ್ಷವೇ ಅವರ ತಾಯಿ ತೀರಿಕೊಂಡಿದ್ದರು, ಸಂಸಾರ ಮುರಿಯುತ್ತಿತ್ತು. ಪುಸ್ತಕದ ಗೆಲುವು ಅದ್ಯಾವುದನ್ನೂ ತಡೆಯಲಿಲ್ಲ. ಬರೆಯುವವರಿಗೂ ಮನೆ ಇರುತ್ತದೆ, ದುಃಖ ಇರುತ್ತದೆ ಎಂಬುದನ್ನು ಓದುಗರು ಮರೆಯಬಾರದು.

ಎರಡನೆಯದು ಕಾನನ್ ಡಾಯ್ಲ್ ಅವರದು. ಷರ್ಲಾಕ್ ಹೋಮ್ಸ್‌ನ ಮೊದಲ ಕಥೆಯ ಪೂರ್ತಿ ಹಕ್ಕನ್ನು ಅವರು ಕೇವಲ 25 ಪೌಂಡಿಗೆ ಮಾರಿದರು. ಆ ಕಥೆ 1887ರಲ್ಲಿ ಅಚ್ಚಾಯಿತು. ಆಮೇಲೆ ಅದು ಎಷ್ಟು ಸಲ ಅಚ್ಚಾದರೂ ಅವರಿಗೆ ಅದರಿಂದ ಇನ್ನೊಂದು ಕಾಸೂ ಬರಲಿಲ್ಲ. ನಮ್ಮಲ್ಲೂ ಜನಪ್ರಿಯ ಕಾದಂಬರಿಕಾರರಲ್ಲಿ ಅನೇಕರು ಹಸ್ತಪ್ರತಿಯನ್ನು ಒಟ್ಟು ಮೊತ್ತಕ್ಕೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ತಿಂಗಳ ಬಾಡಿಗೆ, ಮಕ್ಕಳ ಫೀಸು ಕಾಯುವುದಿಲ್ಲವಲ್ಲ.

ಈ ಮಾತು ತಿರುಮಣಿಯವರಿಗೆ ಬೇಗ ಅರ್ಥವಾಗುತ್ತದೆ. ಸೋಲಾರ್ ಪಾರ್ಕ್ ಬಂದಾಗ ನಾವು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟೆವು. ಐದು ಊರುಗಳ ಸುಮಾರು 13,000 ಎಕರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ, 28 ವರ್ಷದ ಕರಾರು. ಇವತ್ತಿಗೂ ಪಹಣಿಯಲ್ಲಿ ನಮ್ಮ ತಾತಂದಿರ, ತಂದೆಯರ ಹೆಸರೇ ಇದೆ. ಪುಸ್ತಕದ ಹಕ್ಕೂ ಹಾಗೆಯೇ. ಮಾರಿಬಿಟ್ಟರೆ ಕ್ರಯಪತ್ರ, ಗೌರವಧನದ ಲೆಕ್ಕಕ್ಕೆ ಕೊಟ್ಟರೆ ಗುತ್ತಿಗೆ. ನಮ್ಮ ದೇಶದ 1957ರ ಕಾಪಿರೈಟ್ ಕಾಯಿದೆಯ ಪ್ರಕಾರ ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕು ವಾರಸುದಾರರಿಗೆ ಇರುತ್ತದೆ. ಹಕ್ಕನ್ನು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಅದನ್ನು ಐದು ವರ್ಷ ಎಂದೇ ಕಾಯಿದೆ ಎಣಿಸುತ್ತದೆ. ಮುಂದೆ ನಿಮ್ಮಲ್ಲಿ ಯಾರಾದರೂ ಲೇಖಕರಾದರೆ ಸಹಿ ಹಾಕುವ ಮುಂಚೆ ಪತ್ರ ಓದಿ.

ಹಾಗೆಂದು ಇದರಲ್ಲಿ ದುಡ್ಡು ಸುರಿಯುತ್ತದೆ ಎಂದುಕೊಳ್ಳಬೇಡಿ. ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇ 10ರಷ್ಟು. 200 ರೂಪಾಯಿಯ ಪುಸ್ತಕ ಸಾವಿರ ಪ್ರತಿಯೂ ಖರ್ಚಾದರೆ ಲೇಖಕನಿಗೆ 20,000 ರೂಪಾಯಿ. ಒಂದು ವರ್ಷ ನಿದ್ದೆಗೆಟ್ಟು ಬರೆದ ಕಾದಂಬರಿಗೆ ಸಿಗುವ ಹಣ ನಮ್ಮೂರಿನ ಒಂದು ಎಕರೆಯ ಮೊದಲ ವರ್ಷದ ಗುತ್ತಿಗೆಗಿಂತ ಸಾವಿರ ಕಡಿಮೆ! ಆದ್ದರಿಂದಲೇ ಇವತ್ತು ಬರೆಯುವವರೆಲ್ಲ ಇನ್ನೊಂದು ಕೆಲಸ ಇಟ್ಟುಕೊಂಡೇ ಬರೆಯುತ್ತಾರೆ. ಕೆ.ಎನ್. ಗಣೇಶಯ್ಯನವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದವರು. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ ಮುಸುಕಿನ ಜೋಳದಂಥ ಆಕೃತಿಯ ಸುತ್ತ ‘ಕನಕ ಮುಸುಕು’ ಎಂಬ ರೋಚಕ ಕಾದಂಬರಿ ಬರೆದರು. ಜೋಳದ ತೆನೆ ನೋಡದ ಮಕ್ಕಳು ಇಲ್ಲಿ ಯಾರಿದ್ದೀರಿ? ನಾವು ದಿನಾ ನೋಡುವುದರಲ್ಲೇ ಒಂದು ರಹಸ್ಯ ಕೂತಿರುತ್ತದೆ, ಅದನ್ನು ಯಾಕೆ ಎಂದು ಕೇಳುವವರು ಬೇಕು.

ಗುತ್ತಿಗೆಯ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ಪಹಣಿ ಇದ್ದವರಿಗೆ ಗುತ್ತಿಗೆ ಬಂತು. ಪಹಣಿ ಇಲ್ಲದೆ ನಮ್ಮ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಬದುಕುತ್ತಿದ್ದವರಿಗೆ ಹೊಲವೂ ಹೋಯಿತು, ಕೂಲಿಯೂ ಹೋಯಿತು. ನಮ್ಮ ತರಗತಿಯಲ್ಲಿ ಅಂಥ ಮನೆಯ ಒಬ್ಬ ಹುಡುಗಿ ಇದ್ದಳು. ಊಟದ ಬಿಡುವಿನಲ್ಲಿ ಬೇವಿನ ಮರದಡಿ ಕೂತು ದಿನಕ್ಕಿಷ್ಟು ಎಂದು ಕಥೆ ಹೇಳುತ್ತಿದ್ದಳು. ಸರಿಯಾಗಿ ಬೆಲ್ ಹೊಡೆಯುವ ಹೊತ್ತಿಗೆ ಬಾಗಿಲು ಬಡಿದ ಸದ್ದು ಕೇಳಿಸಿ ನಿಲ್ಲಿಸುತ್ತಿದ್ದಳು. ಮಾರನೇ ದಿನ ನಾವ್ಯಾರೂ ಶಾಲೆ ತಪ್ಪಿಸುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ಅವಳ ಮದುವೆಯಾಯಿತು. ನಾನು ಬಿ.ಇ. ಓದಿದೆ. ಕಥೆ ಕಟ್ಟುವ ಬುದ್ಧಿ ಅವಳಲ್ಲಿತ್ತು, ಓದು ಮುಂದುವರಿಸುವ ಅನುಕೂಲ ನನಗಿತ್ತು. ವ್ಯತ್ಯಾಸ ಇಷ್ಟೇ.

ಅವಳಂಥವರಿಗೆ ನಾನು ಹೇಳಬೇಕೆಂದಿರುವುದು ನರಸಿಂಹಯ್ಯನವರ ನಾಲ್ಕನೇ ತರಗತಿಯ ವಿಷಯ. ನಾಲ್ಕು ಓದಿದವರು 500 ಕಾದಂಬರಿ ಬರೆದರೆ, ಹತ್ತು ಓದಿದವರು ಒಂದು ಬರೆಯಬಾರದೇ? ಈ ಸಭೆಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿರುವ ಅಕ್ಕಂದಿರೇ, ನೀವು ರಾತ್ರಿ ಮಕ್ಕಳಿಗೆ ಹೇಳುವ ಕಥೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಚ್ಚು ಮಾಡುವ ಮಾತು ಆಮೇಲೆ ನೋಡೋಣ.

ಕೊನೆಯದಾಗಿ ಎರಡು ವಿನಂತಿ. ಮೊದಲನೆಯದು ಹಳೆಯ ವಿದ್ಯಾರ್ಥಿಗಳಿಗೆ. ಐವತ್ತು ವರ್ಷದ ನೆನಪಿಗೆ ಕಮಾನು, ನಾಮಫಲಕ ಎಲ್ಲಾ ಆಗಲಿ. ಜೊತೆಗೆ ಒಂದು ಪುಸ್ತಕದ ಬೀರು ಆಗಲಿ, ಅದರ ಬೀಗದ ಕೈ ಒಂಬತ್ತನೇ ತರಗತಿಯ ಮಕ್ಕಳ ಹತ್ತಿರ ಇರಲಿ. ಪುಸ್ತಕ ಹರಿದರೆ ಹರಿಯಲಿ, ಕೈ ಸೇರಿದ ಪುಸ್ತಕ ಮಾತ್ರ ಹರಿಯುವುದು. ಅದರಲ್ಲಿ ಕುವೆಂಪು, ಬೇಂದ್ರೆ, ಕಾರಂತರು ಇರಲಿ. ಅವರ ಪಕ್ಕದಲ್ಲಿ ಪತ್ತೇದಾರ ಪುರುಷೋತ್ತಮನಿಗೂ ಒಂದು ಅರೆ ಕೊಡಿ. ಅವನ ಕೈ ಹಿಡಿದು ಬಂದವರೇ ಮುಂದೆ ಕಾರಂತರ ಹತ್ತಿರ ಹೋಗುವುದು. ಮೊದಲ ಐವತ್ತು ಪುಸ್ತಕಗಳನ್ನು ನಮ್ಮ ಬ್ಯಾಚಿನವರು ಇವತ್ತು ತಂದಿದ್ದೇವೆ, ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಇಟ್ಟಿದ್ದೇವೆ.

ಎರಡನೆಯದು ಮಕ್ಕಳಿಗೆ. ಭಿತ್ತಿಪತ್ರಿಕೆಯಲ್ಲಿ ಒಂದು ಪತ್ತೇದಾರಿ ಧಾರಾವಾಹಿ ಶುರು ಮಾಡಿ. ಶನಿವಾರಕ್ಕೊಂದು ಅಧ್ಯಾಯ, ಪ್ರತಿ ವಾರ ಬೇರೆಯವರು ಬರೆಯಬೇಕು. ಕೊಲೆಯೇ ಆಗಬೇಕೆಂದಿಲ್ಲ. ಬಿಸಿಯೂಟದ ಕೋಣೆಯಿಂದ ಬೆಲ್ಲ ಕದ್ದವರು ಯಾರು ಎಂಬುದೂ ಒಳ್ಳೆಯ ರಹಸ್ಯವೇ. ತೆಲುಗು ಮಾತು ನಡುವೆ ಬಂದರೆ ಬರಲಿ, ಅದು ನಮ್ಮ ಸೀಮೆಯ ರುಚಿ. ಕೊನೆಯ ಅಧ್ಯಾಯ ಅಂಟಿಸುವ ಹಿಂದಿನ ದಿನ ಯಾರು ಸರಿಯಾಗಿ ಊಹಿಸುತ್ತಾರೋ ಅವರಿಗೆ ಒಂದು ಪುಸ್ತಕ ನಾನು ಕಳಿಸುತ್ತೇನೆ. ನಿಯಮ ಒಂದೇ: ಗೊತ್ತಿದ್ದವರು ಬೇರೆಯವರಿಗೆ ಕೊನೆ ಹೇಳಬಾರದು.