‘ಸ್ಟ್ರಗಲ್’: ಒಂದು ಪದದ ಅರ್ಥ ಮತ್ತು ಬಳಕೆ

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನಾನು ನಿಮ್ಮ ಮುಂದಿಡುವುದು ಒಂದೇ ಒಂದು ಇಂಗ್ಲಿಷ್ ಪದ: ‘ಸ್ಟ್ರಗಲ್’. ಹೋರಾಟ, ಹೆಣಗಾಟ, ಒದ್ದಾಟ ಎಂದೆಲ್ಲ ಅದಕ್ಕೆ ಅರ್ಥವಿದೆ. ಕನ್ನಡದಲ್ಲಿ ಇವು ಬೇರೆ ಬೇರೆ. ಹೋರಾಟದಲ್ಲಿ ಗೌರವವಿದೆ, ಒದ್ದಾಟದಲ್ಲಿ ಅಸಹಾಯಕತೆಯಿದೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಒಂದೇ ಪದ. ಆದ್ದರಿಂದ ಅದರ ಮುಂದೆ ಬರುವ ಮಾತನ್ನು ಗಮನಿಸಬೇಕು.

‘ಸ್ಟ್ರಗಲ್ ವಿತ್ ಮ್ಯಾಥ್ಸ್’ ಎಂದರೆ ಗಣಿತ ಕಷ್ಟವಾಗುತ್ತಿದೆ ಎಂದರ್ಥ. ‘ಸ್ಟ್ರಗಲ್ ಅಗೇನ್ಸ್ಟ್ ಪಾವರ್ಟಿ’ ಎಂದರೆ ಬಡತನದ ವಿರುದ್ಧ ಹೋರಾಟ. ‘ಸ್ಟ್ರಗಲ್ ಫಾರ್ ಎಜುಕೇಶನ್’ ಎಂದರೆ ವಿದ್ಯೆಗಾಗಿ ಹೋರಾಟ. ನಾವು ‘ಹೋರಾಟ ಮಾಡಿದೆ’ ಎನ್ನುವ ರೂಢಿಯಿಂದ ‘ಐ ಡಿಡ್ ಎ ಲಾಟ್ ಆಫ್ ಸ್ಟ್ರಗಲ್’ ಎಂದು ಬರೆಯುತ್ತೇವೆ. ಅದು ಸರಿಯಲ್ಲ. ಈ ಪದ ಕ್ರಿಯಾಪದವೂ ಹೌದು. ‘ಐ ಸ್ಟ್ರಗಲ್ಡ್ ಹಾರ್ಡ್’ ಎಂದರೆ ಸಾಕು.

ನಮ್ಮ ದೇಶದಲ್ಲಿ ಈ ಪದಕ್ಕೆ ಘನತೆ ತಂದದ್ದು ‘ಫ್ರೀಡಂ ಸ್ಟ್ರಗಲ್’, ಅಂದರೆ ಸ್ವಾತಂತ್ರ್ಯ ಹೋರಾಟ. ಮೌಲಾನಾ ಅಬುಲ್ ಕಲಾಂ ಆಜಾದರನ್ನು ನೆನೆಯಿರಿ. 1942ರಲ್ಲಿ ಬಂಧನಕ್ಕೊಳಗಾಗಿ ಅಹಮದ್‌ನಗರ ಕೋಟೆಯಲ್ಲಿದ್ದರು. 1943ರಲ್ಲಿ ಅವರ ಪತ್ನಿ ತೀರಿಕೊಂಡಾಗಲೂ ಅವರು ಸೆರೆಯಲ್ಲೇ ಇದ್ದರು. ಆ ದುಃಖದ ನಡುವೆಯೂ ಲೇಖನಿ ಕೆಳಗಿಡಲಿಲ್ಲ. ಅಲ್ಲಿ ಬರೆದ ಪತ್ರಗಳೇ ‘ಗುಬಾರೆ ಖಾತಿರ್’ ಎಂಬ ಉರ್ದು ಗ್ರಂಥವಾದವು. 1947ರಲ್ಲಿ ಅವರು ದೇಶದ ಮೊದಲ ಶಿಕ್ಷಣ ಸಚಿವರಾದರು. 1953ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಆರಂಭವಾದದ್ದು ಅವರ ಕಾಲದಲ್ಲೇ. ಆಳರಸರ ವಿರುದ್ಧದ ಹೋರಾಟ ಮುಗಿದ ಮೇಲೆ ವಿದ್ಯೆಗಾಗಿ ಹೋರಾಟ ಶುರುವಾಯಿತು.

ಉರ್ದು ಬಲ್ಲವರು ಇದನ್ನು ‘ಜಿದ್ದೋಜಹದ್’ ಎನ್ನುತ್ತಾರೆ. ಅರಬಿ ಮೂಲದ ಈ ಮಾತಿನ ಎರಡು ಪದಗಳಿಗೂ ಪ್ರಯತ್ನ ಎಂದೇ ಅರ್ಥ. ಸೋಲು ಎಂಬ ಅರ್ಥ ಅದರಲ್ಲಿ ಎಲ್ಲಿಯೂ ಇಲ್ಲ.

ಇದನ್ನು ಇಷ್ಟು ಹೇಳಲು ಕಾರಣವಿದೆ. ಮಗಳ ಪ್ರಗತಿಪತ್ರದಲ್ಲಿ ‘ಷಿ ಈಸ್ ಸ್ಟ್ರಗ್ಲಿಂಗ್’ ಎಂದು ಬರೆದಿದ್ದರೆ, ‘ಇವಳಿಗೆ ಓದು ಹತ್ತುವುದಿಲ್ಲ’ ಎಂದು ಶಾಲೆ ಬಿಡಿಸುವ ಪೋಷಕರಿದ್ದಾರೆ. ಪೋಷಕರೇ, ಆ ಪದವನ್ನು ಸರಿಯಾಗಿ ಓದಿ. ಅವಳಿಗೆ ಕಷ್ಟವಾಗುತ್ತಿದೆ, ಆದರೂ ಅವಳು ಕೈಬಿಟ್ಟಿಲ್ಲ ಎಂದು ಅದರರ್ಥ. ಪ್ರಯತ್ನ ನಿಲ್ಲಿಸಿದವರಿಗೆ ಈ ಪದ ಬಳಸುವುದೇ ಇಲ್ಲ. ಅವಳಿಗೆ ಬೇಕಾದದ್ದು ಒಂದು ಗಂಟೆಯ ಪಾಠ, ಒಂದು ಒಳ್ಳೆಯ ಮಾತು. ಅದನ್ನು ಕೊಡುವುದು ಮನೆಯವರ ಕರ್ತವ್ಯ, ನಮ್ಮ ಸಂಘದ ಕರ್ತವ್ಯ ಕೂಡ.

ವಿದ್ಯಾರ್ಥಿಗಳೇ, ‘ಐ ಆಮ್ ಸ್ಟ್ರಗ್ಲಿಂಗ್’ ಎಂದು ಶಿಕ್ಷಕರ ಬಳಿ ಹೇಳಲು ನಾಚಬೇಡಿ. ಅದು ಸೋತವರ ಮಾತಲ್ಲ, ದಾರಿಯಲ್ಲಿರುವವರ ಮಾತು.