ಅಳದ ಮಗು

ಅಮೆರಿಕದಲ್ಲಿಯೋ ಆಸ್ಟ್ರೇಲಿಯದಲ್ಲಿಯೋ ನೆಲಸಿ, ಭಾರತದಿಂದ ಮಗುವೊಂದನ್ನು ದತ್ತು ತೆಗೆದುಕೊಳ್ಳಲು ನಿಶ್ಚಯಿಸಿರುವ ಕನ್ನಡಿಗ ದಂಪತಿಗಳೂ, ಇಲ್ಲಿರುವ ಅವರ ತಂದೆತಾಯಿಗಳೂ ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆ ಒಂದೇ: ಮಗು ನಮ್ಮನ್ನು ಹಚ್ಚಿಕೊಳ್ಳುವುದೇ, ಅದಕ್ಕೆ ನಾವು ಏನನ್ನು ಓದಬೇಕು? ಭಾರತದ ದತ್ತು ಪ್ರಾಧಿಕಾರವಾದ ಕಾರಾದಲ್ಲಿ ನೋಂದಣಿ, ವೀಸಾ, ಪಾಸ್‌ಪೋರ್ಟುಗಳ ಸಂಗತಿ ನಿಮಗೆ ತಿಳಿದೇ ಇರುವುದರಿಂದ ನೇರವಾಗಿ ಓದಿನ ವಿಷಯಕ್ಕೆ ಬರುತ್ತೇನೆ.

ಮೊದಲು ಓದತಕ್ಕದ್ದು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿಯವರನ್ನು. ನಿರ್ಗತಿಕ ಮಕ್ಕಳನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಅವರು ಬರೆದ ವರದಿಯು 1953ರಲ್ಲಿ ‘ಚೈಲ್ಡ್ ಕೇರ್ ಅಂಡ್ ದ ಗ್ರೋತ್ ಆಫ್ ಲವ್’ ಎಂಬ ಹೆಸರಿನಿಂದ ಜನಸಾಮಾನ್ಯರಿಗಾಗಿ ಸಂಗ್ರಹರೂಪದಲ್ಲಿ ಪ್ರಕಟವಾಯಿತು. ಅವರ ಕೆಲವು ಅಭಿಪ್ರಾಯಗಳನ್ನು ಮುಂದಿನವರು ತಿದ್ದಿರುವರಾದರೂ ಮೂಲತತ್ತ್ವ ನಿಂತಿದೆ. ಶಿಶು ಅಳುತ್ತದೆ, ಒಬ್ಬರು ಬಂದು ಎತ್ತಿಕೊಳ್ಳುತ್ತಾರೆ. ಮತ್ತೆ ಅಳುತ್ತದೆ, ಅವರೇ ಮತ್ತೆ ಬರುತ್ತಾರೆ. ಹೀಗೆ ಹಗಲಿರುಳು ಅದೇ ಕೈ, ಅದೇ ಧ್ವನಿ ಮರಳಿ ಬಂದುದರಿಂದಲೇ, ಕರೆದರೆ ಬರುವವರಿದ್ದಾರೆಂಬ ವಿಶ್ವಾಸ ಅದರ ಅಂತರಂಗದಲ್ಲಿ ಬೇರೂರುತ್ತದೆ. ಅನೇಕ ಶಿಶುಗಳಿಗೆ ಒಬ್ಬಳೇ ಆಯಾ ಇರುವ ಅನಾಥಾಲಯದಲ್ಲಿ ಅತ್ತರೂ ಯಾರೂ ಬಾರದಿರುವುದರಿಂದ ಮಗು ಕ್ರಮೇಣ ಅಳುವುದನ್ನೇ ಬಿಟ್ಟುಬಿಡುತ್ತದೆ.

ಅಂಥ ಮಗುವನ್ನು ಕಂಡು, “ಎಷ್ಟು ಸಾಧು ಕೂಸು, ಅಳುವುದೇ ಇಲ್ಲ, ಯಾರು ಕರೆದರೂ ಹೋಗುತ್ತದೆ” ಎಂದು ಹಿರಿಯರು ಕೊಂಡಾಡುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬಂಧುಗಳ ಮನೆಯ ಸಮಾರಂಭವೊಂದರಲ್ಲಿ, ಹೊಸದಾಗಿ ಬಂದ ಎರಡು ವರ್ಷದ ಮಗು ಮಡಿಲಿನಿಂದ ಮಡಿಲಿಗೆ ಸಾಗುತ್ತಿದ್ದುದನ್ನೂ, ತಾಯಿಯ ಮುಖವನ್ನು ಅದು ಒಮ್ಮೆಯೂ ಅರಸದಿದ್ದುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲರೂ ಸಂತೋಷಪಡುತ್ತಿದ್ದರು. ಆದುದರಿಂದ ಅಜ್ಜ ಅಜ್ಜಿಯರಲ್ಲಿ ನನ್ನ ವಿಜ್ಞಾಪನೆ: ಮೊದಲ ಕೆಲವು ತಿಂಗಳು ಉಣಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು ತಂದೆತಾಯಿಗಳ ಕೈಯಿಂದಲೇ ಆಗಲಿ. ನೀವು ಅಡಿಗೆ ಮಾಡಿರಿ, ಬಟ್ಟೆ ಒಗೆದುಕೊಡಿರಿ, ಪಕ್ಕದಲ್ಲಿ ಕುಳಿತು ಮಾತನಾಡಿರಿ. ಎತ್ತಿಕೊಳ್ಳುವುದನ್ನು ಮಾತ್ರ ಅವರಿಗೆ ಬಿಡಿರಿ. ಮತ್ತೊಮ್ಮೆ ಹೇಳುತ್ತೇನೆ, ಹಸಿದಾಗ ಬರುವ ಕೈ ಅವರದೇ ಆಗಿರಲಿ. ಕೆಲಕಾಲದ ನಂತರ ಮಗು ತಾಯಿ ಕಣ್ಮರೆಯಾದೊಡನೆ ಅಳತೊಡಗಿದರೆ ಹೆದರಬೇಡಿರಿ. ಬಾಂಧವ್ಯ ಕುದುರುತ್ತಿರುವುದರ ಲಕ್ಷಣವದು.

ವಯಸ್ಸು ಮೀರಿದ ಮಗು ಹೊಂದಿಕೊಳ್ಳುವುದೇ ಇಲ್ಲವೆಂಬ ಮಾತೂ ನಿರಾಧಾರವಾದುದು. ಕಾಲ ಹೆಚ್ಚು ಹಿಡಿಯುತ್ತದೆ, ಅಷ್ಟೆ. ಇದಕ್ಕೆ ಡೆಬೋರಾ ಗ್ರೇ ಅವರ ‘ಅಟ್ಯಾಚಿಂಗ್ ಇನ್ ಅಡಾಪ್ಷನ್’, ಕ್ಯಾರಿನ್ ಪರ್ವಿಸ್ ಮತ್ತು ಸಂಗಡಿಗರ ‘ದ ಕನೆಕ್ಟೆಡ್ ಚೈಲ್ಡ್’ ಎರಡನ್ನೂ ಓದಿರಿ.

ಹುಟ್ಟಿನ ಕಥೆಯನ್ನು ಮಗುವಿನಿಂದ ಮರೆಮಾಚಬೇಕೆನ್ನುವವರಿಗೆ ಇನ್ನೊಂದು ಗ್ರಂಥವನ್ನು ಹೆಸರಿಸಲೇಬೇಕು. ಖಂಡ್ವಾದ ಬಾಲಕ ಸರೂ ರೈಲಿನಲ್ಲಿ ಕಲ್ಕತ್ತೆಗೆ ಹೋಗಿ ದಾರಿತಪ್ಪಿ, 1987ರಲ್ಲಿ ಆಸ್ಟ್ರೇಲಿಯದ ಹೋಬಾರ್ಟ್‌ನ ಬ್ರಿಯರ್ಲಿ ದಂಪತಿಗಳ ದತ್ತುಪುತ್ರನಾದನು. ಅವರು ಅವನ ಕೋಣೆಯ ಗೋಡೆಗೆ ಭಾರತದ ನಕ್ಷೆಯನ್ನು ತೂಗುಹಾಕಿದ್ದರು. 2012ರಲ್ಲಿ ಆತನು ಹೆತ್ತ ತಾಯಿಯನ್ನು ಕಂಡನು, ಸಾಕಿದವರನ್ನು ತೊರೆಯಲಿಲ್ಲ. ಅದೆಲ್ಲವನ್ನೂ ‘ಎ ಲಾಂಗ್ ವೇ ಹೋಮ್’ನಲ್ಲಿ ಅವನೇ ಬರೆದಿದ್ದಾನೆ.