ಬಿಡದೆ ತೆಗೆದುಕೊಳ್ಳಬೇಕಾದ ಗುಳಿಗೆ



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡು-ನುಡಿಯ ಮಾತು ಬಿಟ್ಟು ಗುಳಿಗೆಯ ಮಾತೇಕೆ ಎಂದು ತಾವು ಕೇಳಬಹುದು. ಧಾರವಾಡ, ವಿಜಾಪುರ, ಕಲಬುರ್ಗಿ, ಉಡುಪಿಗಳಿಂದ ಹೊಟ್ಟೆಯ ಪಾಡಿಗೆಂದು ಈ ಊರಿಗೆ ಬಂದವರು ನಾವು. ಎಷ್ಟೋ ಮನೆಗಳಲ್ಲಿ ದುಡಿಯುವ ಕೈ ಒಂದೇ. ಅದು ಸೋತರೆ ಹಿಡಿಯಲು ಪಕ್ಕದ ಓಣಿಯಲ್ಲಿ ಕಾಕಾ-ಮಾವಂದಿರಿಲ್ಲ. ಆದುದರಿಂದ ಈ ವಿಷಯವನ್ನು ಆರಿಸಿಕೊಂಡೆವು. ನಾವು ವೈದ್ಯರಲ್ಲ, ಬ್ಯಾಂಕಿನ ಗುಮಾಸ್ತರು. ಯಾವ ಗುಳಿಗೆ, ಎಷ್ಟು ಎಂದು ಹೇಳುವ ಅಧಿಕಾರ ನಮಗಿಲ್ಲ. ಬರೆದುಕೊಟ್ಟ ಗುಳಿಗೆ ನಿತ್ಯ ಹೊಟ್ಟೆಗೆ ಹೋಗುತ್ತದೆಯೋ ಇಲ್ಲವೋ ಎಂಬ ಲೆಕ್ಕವಷ್ಟೇ ನಮ್ಮದು.

ಆ ಲೆಕ್ಕ ಚೆನ್ನಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯೊಂದು ೨೦೨೩ರಲ್ಲಿ ಪ್ರಕಟವಾಯಿತು. ಹತ್ತು ಕೋಟಿಗೂ ಮಿಕ್ಕಿ ಜನರಿಗೆ ಸಕ್ಕರೆ ರೋಗ. ವಯಸ್ಕರಲ್ಲಿ ನೂರಕ್ಕೆ ೩೫ ಮಂದಿಗೆ ರಕ್ತದೊತ್ತಡ. ಇನ್ನು ಔಷಧದ ಮಾತು. ಸಿರಿವಂತ ದೇಶಗಳಲ್ಲಿಯೂ ದೀರ್ಘಕಾಲದ ರೋಗಿಗಳಲ್ಲಿ ಅರ್ಧದಷ್ಟು ಜನ ಮಾತ್ರ ಹೇಳಿದಂತೆ ಔಷಧ ಸೇವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೦೩ರ ವರದಿಯಲ್ಲಿ ಬರೆಯಿತು. ಬಡ ದೇಶಗಳಲ್ಲಿ ಅದಕ್ಕೂ ಕಡಮೆಯಂತೆ.

ಏಕೆ ಹೀಗೆ? ಚಿಕ್ಕಂದಿನಿಂದ ನಮಗೆ ಪರಿಚಯವಾದ ಔಷಧ ಜ್ವರದ ಔಷಧ. ಜ್ವರ ಬಂತು, ಕಷಾಯ ಕುಡಿದೆವು, ಬಿಟ್ಟಿತು, ಶೀಸೆ ಮೂಲೆಗೆ ಹೋಯಿತು. ರಕ್ತದೊತ್ತಡದ ನಡತೆಯೇ ಬೇರೆ. ಅದು ಬಹುಕಾಲ ನೋಯುವುದಿಲ್ಲ, ಹೆಸರು ಹೇಳುವುದಿಲ್ಲ. ಗುಳಿಗೆ ನುಂಗಿದಷ್ಟು ದಿನ ತಗ್ಗಿರುತ್ತದೆ, ಬಿಟ್ಟರೆ ಮತ್ತೆ ಏರುತ್ತದೆ. ಅಳೆದಾಗ ಸರಿಯಾಗಿ ಬಂದಿತೆಂದರೆ ಗುಳಿಗೆ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ನಮ್ಮವರು ಅದನ್ನು ‘ರೋಗ ವಾಸಿಯಾಯಿತು’ ಎಂದು ಓದಿಕೊಳ್ಳುತ್ತಾರೆ. ನಮ್ಮ ಪರಿಚಯದ ಗೃಹಸ್ಥರೊಬ್ಬರು, ವಯಸ್ಸು ನಲವತ್ತೆರಡು, ಹೀಗೆಯೇ ಓದಿಕೊಂಡು ಎಂಟು ತಿಂಗಳು ಬಿಟ್ಟಿದ್ದರು. ಈಗ ಅವರ ಬಲಗೈ ಲೇಖನಿ ಹಿಡಿಯುವುದಿಲ್ಲ. ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ.

ಇಂಥವರನ್ನು ‘ಅಜಾಗರೂಕರು’ ಎಂದು ಬೈದು ಮುಗಿಸುವುದು ಸುಲಭ. ಕ್ಷಯರೋಗದ ಚರಿತ್ರೆ ನೋಡಿದವರು ಹಾಗೆ ಬೈಯಲಾರರು. ೧೯೫೬ರಲ್ಲಿ ಮದರಾಸಿನಲ್ಲಿ ಒಂದು ಚಿಕಿತ್ಸಾ ಕೇಂದ್ರ ಪ್ರಾರಂಭವಾಯಿತು. ಅಲ್ಲಿಯವರು ೧೯೩ ಜನ ಬಡ ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿಯೂ ಉಳಿದವರನ್ನು ಅವರವರ ಮನೆಯಲ್ಲಿಯೂ ಇರಿಸಿ, ಒಂದು ವರ್ಷ ಅದೇ ಔಷಧ ಕೊಟ್ಟರು. ೧೯೫೯ರಲ್ಲಿ ಫಲ ಪ್ರಕಟವಾದಾಗ ವೈದ್ಯಲೋಕವೇ ಬೆರಗಾಯಿತು. ಇಕ್ಕಟ್ಟಾದ ಮನೆಯಲ್ಲಿದ್ದವರೂ ಹೆಚ್ಚು ಕಡಮೆ ಅಷ್ಟೇ ಗುಣವಾಗಿದ್ದರು! ಆದರೆ ಆ ವೈದ್ಯರು ಗುಳಿಗೆ ಕೊಟ್ಟು ಕೈ ತೊಳೆದುಕೊಂಡಿರಲಿಲ್ಲ. ಹೇಳದೆ ಕೇಳದೆ ಮನೆಗೆ ಹೋಗಿ ಉಳಿದ ಗುಳಿಗೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷಿಸುತ್ತಿದ್ದರು. ನಮ್ಮ ಇನ್ಸ್‌ಪೆಕ್ಷನ್ ಬಂದ ಹಾಗೆ! ಅದೇ ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿಯವರು ತುಮಕೂರು ಜಿಲ್ಲೆಯಲ್ಲಿ ವಿಚಾರಿಸಿ ೧೯೬೩ರಲ್ಲಿ ಬರೆದ ಸಂಗತಿ ನಮಗೆ ಇನ್ನೂ ಮುಖ್ಯವೆಂದು ತೋರುತ್ತದೆ. ಹಳ್ಳಿಗರು ಮೂಢರು, ಆಸ್ಪತ್ರೆಗೆ ಬರಲೊಲ್ಲರು ಎಂಬ ಮಾತು ಸುಳ್ಳಾಯಿತು. ಕೆಮ್ಮು ಹಿಡಿದವರಲ್ಲಿ ಅರ್ಧದಷ್ಟು ಜನ ತಾವಾಗಿಯೇ ವೈದ್ಯರ ಬಾಗಿಲು ತಟ್ಟಿದ್ದರು. ಎಷ್ಟೋ ಮಂದಿಗೆ ಅಲ್ಲಿ ಸಿಕ್ಕುದು ಕೆಮ್ಮಿನ ನೀರೌಷಧ ಮಾತ್ರ. ಎಂದ ಮೇಲೆ ರೋಗಿಯ ಮನಸ್ಸನ್ನಷ್ಟೇ ನೋಡಿದರೆ ಸಾಲದು, ಅವನ ಸುತ್ತಿನ ಏರ್ಪಾಡನ್ನೂ ನೋಡಬೇಕು.

ನಮ್ಮ ಏರ್ಪಾಡು ಹೇಗಿದೆ? ಪಿಂಪ್ರಿ-ಚಿಂಚವಾಡದ ಕಾರಖಾನೆಯವರಿಗೆ ವಾರಕ್ಕೊಂದು ಪಾಳಿ. ‘ಬೆಳಿಗ್ಗೆ ಒಂದು’ ಎಂದು ಚೀಟಿಯಲ್ಲಿದೆ; ರಾತ್ರಿಪಾಳಿಯವನಿಗೆ ಬೆಳಿಗ್ಗೆ ಎಂದರೆ ಮಲಗುವ ಹೊತ್ತು. ಹೊಟೆಲಿನವರು ಹತ್ತು ಜನಕ್ಕೆ ಬಡಿಸಿ ತಾವು ಉಣ್ಣುವುದು ಮೂರು ಗಂಟೆಗೆ. ನಮ್ಮ ಬ್ಯಾಂಕಿನಲ್ಲಿ ಮಾರ್ಚಿ ತಿಂಗಳ ಕೊನೆಯ ವಾರ ಊಟದ್ದೇ ನೆನಪಿರುವುದಿಲ್ಲ. ಪಾಳಿಯ ವಿಷಯವನ್ನು ವೈದ್ಯರಿಗೆ ಬಿಚ್ಚಿ ಹೇಳಿದರೆ ಅವರು ಹೊತ್ತು ಹೊಂದಿಸಿ ಕೊಡುತ್ತಾರೆ. ಹೇಳುವವರು ಕಡಮೆ. ಕೆಲವರಿಗೆ ಮರಾಠಿಯ ಸಂಕೋಚ, ಕೆಲವರಿಗೆ ಹೊರಗೆ ಕುಳಿತ ಸಾಲಿನ ಸಂಕೋಚ.

ಮೇ ತಿಂಗಳಲ್ಲಿ ಊರಿಗೆ ಹೋದೆವೆನ್ನಿ. ಹದಿನೈದು ದಿನಕ್ಕೆಂದು ಹೋದವರು ಮದುವೆ, ಜಾತ್ರೆ ಎಂದು ತಿಂಗಳು ನಿಲ್ಲುತ್ತೇವೆ. ಗುಳಿಗೆ ತೀರುತ್ತದೆ. ಅಲ್ಲಿಯ ಅಂಗಡಿಯವ ಬೇರೆ ಹೆಸರಿನ ಪೊಟ್ಟಣ ಕೊಟ್ಟರೆ ‘ಇದು ನಮ್ಮದಲ್ಲ’ ಎಂದು ಮರಳಿ ಬರುತ್ತೇವೆ. ಕಂಪನಿಯ ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಇರಬಹುದು. ಪೊಟ್ಟಣದ ಮೇಲೆ ಅದರ ಮೂಲ ಹೆಸರು ಅಚ್ಚಾಗಿರುತ್ತದೆ, ಅದನ್ನೂ ತೂಕವನ್ನೂ ಬರೆದಿಟ್ಟುಕೊಂಡರೆ ಎಲ್ಲಿಯೂ ಕೇಳಬಹುದು. ಜನೌಷಧಿ ಕೇಂದ್ರಗಳಲ್ಲಿ ಮೂಲ ಹೆಸರಿನಿಂದಲೇ, ಕಡಮೆ ಬೆಲೆಗೆ ಸಿಗುತ್ತದೆ. ಬೆಲೆಯ ಮಾತು ಬಂದುದರಿಂದ ಹೇಳುತ್ತೇವೆ: ತಿಂಗಳ ಕೊನೆಯ ವಾರ ಕೈ ಬಿಗಿಯಾದಾಗ ಮೊದಲು ನಿಲ್ಲುವುದು ಮನೆಯಾಕೆಯ ಗುಳಿಗೆ. ಯಜಮಾನರದು ನಿಲ್ಲುವುದಿಲ್ಲ. ಇದು ನಮ್ಮ ಅನೇಕ ಮನೆಗಳ ಗುಟ್ಟು.

ಉಪವಾಸದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕಾದಶಿ, ಶ್ರಾವಣ ಸೋಮವಾರ ಬಂದರೆ ‘ಹೊಟ್ಟೆ ಖಾಲಿ’ ಎಂದು ಎಲ್ಲ ಗುಳಿಗೆಯನ್ನೂ ಒಟ್ಟಿಗೆ ನಿಲ್ಲಿಸುವ ರೂಢಿಯುಂಟು. ಒತ್ತಡದ ಗುಳಿಗೆಗಳಲ್ಲಿ ಅನೇಕವನ್ನು ಖಾಲಿ ಹೊಟ್ಟೆಯಲ್ಲಿಯೂ ನುಂಗಬಹುದು. ಸಕ್ಕರೆಯ ಕೆಲವು ಗುಳಿಗೆಗಳನ್ನು ಉಣ್ಣದೆ ನುಂಗಿದರೆ ಸಕ್ಕರೆ ಅತಿಯಾಗಿ ಇಳಿದು ತಲೆ ಸುತ್ತಿ ಬೀಳಬಹುದು. ತಮ್ಮದು ಯಾವುದೆಂದು ಏಕಾದಶಿಗೆ ಮೊದಲೇ ಕೇಳಿಕೊಳ್ಳಿರಿ. ವಿಠ್ಠಲನೇನೂ ಬೇಸರಿಸಿಕೊಳ್ಳನು.

ಗುಳಿಗೆ ಮೈಗೆ ಒಗ್ಗದಿರುವುದೂ ಉಂಟು. ಆಮ್ಲೊಡಿಪಿನ್ ಎಂಬುದರಿಂದ ಕೆಲವರ ಪಾದ ಬಾಯುತ್ತವೆ. ಎನಲಾಪ್ರಿಲ್‌ನಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ನಮ್ಮವರು ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಮುಂದಿನ ಭೇಟಿಯಲ್ಲಿ ‘ತೆಗೆದುಕೊಳ್ಳುತ್ತಿದ್ದೇನೆ’ ಎಂದು ಸುಳ್ಳಾಡುತ್ತಾರೆ. ವೈದ್ಯರು ಆ ಸುಳ್ಳನ್ನು ನಂಬಿ ಪ್ರಮಾಣ ಹೆಚ್ಚಿಸುತ್ತಾರೆ. ಬದಲಿ ಔಷಧಗಳಿವೆ, ಕೇಳಿದರೆ ಕೊಡುತ್ತಾರೆ. ತಟ್ಟನೆ ಬಿಟ್ಟರೆ ಒತ್ತಡ ಒಮ್ಮೆಲೆ ಮೇಲೇರುವಂಥ ಗುಳಿಗೆಗಳೂ ಇವೆಯೆಂಬುದು ನೆನಪಿರಲಿ.

ಕಾರ್ಯಕಾರಿ ಮಂಡಲದವರಲ್ಲಿ ಒಂದು ಬಿನ್ನಹ. ನಮ್ಮ ವಾಚನಾಲಯದ ಮೇಜಿನ ಮೇಲೆ ಒತ್ತಡ ಅಳೆಯುವ ಯಂತ್ರವೊಂದನ್ನು ಇರಿಸಬೇಕು. ಬಾಡಿಗೆ ಜಾಗ ಬೇಡ, ನೌಕರರೂ ಬೇಡ. ರವಿವಾರ ಪತ್ರಿಕೆ ಓದಲು ಬರುವವರು ಅಳೆಯಿಸಿಕೊಂಡು ಹೋಗಲಿ. ಊರಿಂದ ಬಂದ ತಾಯಿ-ತಂದೆಯರಿಗೆ ಪೊಟ್ಟಣದ ಇಂಗ್ಲಿಷು ತಿಳಿಯದು. ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಎಂದು ವೈದ್ಯರ ಚೀಟಿ ನೋಡಿ ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಅಂಟಿಸಿಕೊಟ್ಟರೆ ಸಾಕು. ಬರೆಯುವ ಕೆಲಸಕ್ಕೆ ಹತ್ತರಿಂದ ಹನ್ನೆರಡರವರೆಗೆ ನಾವು ಬಂದು ಕೂಡುತ್ತೇವೆ. ಇನ್ನಿಬ್ಬರು ಬೇಕು. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳನ್ನು ಕಾಣಬೇಕು.